ಹೊಟ್ಟೆಯೊಳಗೆ ಬಲೂನ್: ಯಾವ ಬಗೆ ಯಾರಿಗೆ, ಯಾರಿಗೆ ಬೇಡ

"ಬಲೂನ್ ಹಾಕಿಸಲಾ, ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಲಾ, ಇಲ್ಲಾ ಆಪರೇಷನ್ನೇ ಮಾಡಿಸಿಬಿಡಲಾ?" ತೂಕ ಇಳಿಸಬೇಕು ಅಂತಿರುವ ತುಂಬ ಜನ ಈಗ ಈ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಕೇಳುವವರ ಕೈಯಲ್ಲಿ ಆಗಲೇ ಎರಡು ಮೂರು ಆಸ್ಪತ್ರೆಗಳ ಕೊಟೇಷನ್ ಇರುತ್ತದೆ. ಒಂದರಲ್ಲಿ ನಾಲ್ಕು ತಿಂಗಳ ಬಲೂನ್, ಇನ್ನೊಂದರಲ್ಲಿ ಆರು ತಿಂಗಳದ್ದು, ಮತ್ತೊಂದರಲ್ಲಿ ಒಂದು ವರ್ಷದ್ದು. ಎಲ್ಲದರ ಮೇಲೂ ಒಂದೇ ಮಾತು: ಗಾಯ ಇಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ಸುಳ್ಳೇನಲ್ಲ. ಆದರೆ ಲಕ್ಷಾಂತರ ರೂಪಾಯಿ ಖರ್ಚು ಮಾಡುವ ಮುಂಚೆ ತಿಳಿಯಬೇಕಾದದ್ದು ಇನ್ನೂ ಬಹಳ ಇದೆ.

ನಾನು ಡಾಕ್ಟರ್ ಅಲ್ಲ. ನಮ್ಮ ಅತ್ತಿಗೆ ಬಲೂನ್ ಹಾಕಿಸಿಕೊಂಡಾಗ ಮನೆಯಲ್ಲಿ ನೋಡಿಕೊಂಡವಳು, ಅದಕ್ಕೂ ಮುಂಚೆ ಸಿಕ್ಕಿದ್ದನ್ನೆಲ್ಲ ಓದಿ ಡಾಕ್ಟರುಗಳ ತಲೆ ತಿಂದವಳು, ಅಷ್ಟೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ವಿಚಾರಿಸುವುದು ಬಲೂನನ್ನು ಹೇಗೆ ಹಾಕುತ್ತಾರೆ ಅಂತ. ವಿಚಾರಿಸಬೇಕಾದದ್ದು ಅದು ಹೊರಗೆ ಬಂದ ಮೇಲಿನ ಒಂದು ವರ್ಷ ನಿಮ್ಮ ಜೊತೆ ಯಾರಿರುತ್ತಾರೆ ಅಂತ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಯಾವ ಕಂಪನಿಯ ಬಲೂನ್ ಅನ್ನೋದು ಆಮೇಲಿನ ಮಾತು.

ಬಲೂನ್ ಏನು ಮಾಡುತ್ತದೆ

ಹೊಟ್ಟೆಯೊಳಗೆ ಮೆತ್ತನೆಯ ಒಂದು ಚೆಂಡು ಇಟ್ಟು ಅದರಲ್ಲಿ ಸುಮಾರು ಅರ್ಧ ಲೀಟರ್ ಸಲೈನ್ ತುಂಬುತ್ತಾರೆ. ಜಾಗ ಕಮ್ಮಿಯಾಗುತ್ತದೆ, ಬೇಗ ಹೊಟ್ಟೆ ತುಂಬಿದ ಹಾಗಾಗುತ್ತದೆ. ಊಟ ಹೊಟ್ಟೆಯಿಂದ ಕೆಳಗಿಳಿಯುವುದೂ ನಿಧಾನವಾಗುತ್ತದೆ. ಕರುಳಿಗೆ ಏನೂ ಮಾಡುವುದಿಲ್ಲ, ಕೊಬ್ಬು ಕರಗಿಸುವುದೂ ಇಲ್ಲ. ತೂಕ ಇಳಿಯುವುದು ನೀವು ಕಮ್ಮಿ ತಿನ್ನುವುದರಿಂದ. ತೆಗೆದ ದಿನ ಹೊಟ್ಟೆ ಮೊದಲಿನ ಹಾಗೇ ಖಾಲಿ, ಹಸಿವೂ ವಾಪಸ್.

ಈ ಯೋಚನೆ ಹೊಸದೇನಲ್ಲ. 1985ರಲ್ಲೇ ಅಮೆರಿಕದಲ್ಲಿ ಗಾಳಿ ತುಂಬುವ ಒಂದು ಬಲೂನಿಗೆ ಒಪ್ಪಿಗೆ ಸಿಕ್ಕಿತ್ತು. ಹೊಟ್ಟೆಯಲ್ಲಿ ಹುಣ್ಣು, ಗಾಳಿ ಇಳಿದು ಕರುಳಿಗೆ ಸಿಕ್ಕಿಹಾಕಿಕೊಳ್ಳುವುದು, ಇಂಥ ತೊಂದರೆಗಳಾಗಿ ಕೆಲವೇ ವರ್ಷದಲ್ಲಿ ಮಾರುಕಟ್ಟೆಯಿಂದ ಹೋಯಿತು. ಈಗಿನವು ಸಾಕಷ್ಟು ಸುಧಾರಿಸಿವೆ, ಆದರೂ ಆ ಎರಡು ಭಯ ಪೂರ್ತಿ ಹೋಗಿಲ್ಲ. ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ ಹಾಕಿಕೊಳ್ಳಿ

ಯಾವುದನ್ನೂ ಹೋಲಿಸುವ ಮುಂಚೆ ಒಂದು ಹಾಳೆಯಲ್ಲಿ ಕೆಲವು ವಿಷಯ ಬರೆದುಕೊಳ್ಳಿ.

ಮೊದಲನೆಯದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಬೇಕು, ಎತ್ತರ ಮೀಟರ್‌ನಲ್ಲಿ. 160 ಸೆಂಟಿಮೀಟರ್ ಎತ್ತರ, 82 ಕೆಜಿ ಇದ್ದರೆ ಬಿಎಂಐ 32. ಅಮೆರಿಕದಲ್ಲಿ ಬಲೂನಿಗೆ ಒಪ್ಪಿಗೆ ಇರುವುದು 30ರಿಂದ 40ರವರೆಗೆ. ನಮ್ಮ ಜನಕ್ಕೆ ಕಮ್ಮಿ ಬಿಎಂಐನಲ್ಲೇ ಹೊಟ್ಟೆ ಸುತ್ತ ಕೊಬ್ಬು, ಶುಗರ್ ಎಲ್ಲ ಬರುವುದರಿಂದ ಭಾರತದಲ್ಲಿ 25 ದಾಟಿದರೇ ಬೊಜ್ಜು ಅಂತ ಎಣಿಸುತ್ತಾರೆ, ಬಲೂನನ್ನೂ 27ರ ಸುಮಾರಿಗೇ ಹಾಕುವವರಿದ್ದಾರೆ. ಹಾಗಂತ ಬಿಎಂಐ 24 ಇರುವ ಹುಡುಗಿಗೆ ಮದುವೆ ಫೋಟೋಗೋಸ್ಕರ ಬಲೂನ್ ಹಾಕುತ್ತೇವೆ ಅಂದರೆ ಆ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಎರಡನೆಯದು ಎಷ್ಟು ಕೆಜಿ ಇಳಿಯಬೇಕು. ಇದರಲ್ಲಿ ಪ್ರಾಮಾಣಿಕವಾಗಿರಿ. ಬಲೂನಿನಿಂದ ಸಾಮಾನ್ಯವಾಗಿ ಇಳಿಯುವುದು ದೇಹದ ಒಟ್ಟು ತೂಕದ ಶೇಕಡಾ 10ರಿಂದ 15. ಅಂದರೆ 82 ಕೆಜಿಯವರಿಗೆ 8ರಿಂದ 12 ಕೆಜಿ. ನಿಮಗೆ ಬೇಕಾದದ್ದು ಅಷ್ಟೇ ಆದರೆ ಮುಂದೆ ಓದಿ. 110 ಕೆಜಿಯಿಂದ 65ಕ್ಕೆ ಬರಬೇಕು ಅಂತಿದ್ದರೆ ಬಲೂನ್ ನಿಮಗೆ ನಿರಾಸೆ ಮಾಡುತ್ತದೆ.

ಮೂರನೆಯದು ಯಾಕೆ, ಯಾವಾಗಿನ ಒಳಗೆ. ಮಂಡಿ ಆಪರೇಷನ್‌ಗೆ ಮುಂಚೆ ಹತ್ತು ಕೆಜಿ ಇಳಿಸಿ ಬನ್ನಿ ಅಂದಿದ್ದಾರಾ? ಹರ್ನಿಯಾ ಆಪರೇಷನ್ ಇದೆಯಾ? ಮಗುವಿಗೋಸ್ಕರ ಚಿಕಿತ್ಸೆ ಶುರು ಮಾಡುವ ಮುಂಚೆ ತೂಕ ಇಳಿಸಬೇಕಾ? ಇಂಥ ಗಡುವು ಇದ್ದವರಿಗೆ ಬಲೂನ್ ಒಳ್ಳೆಯ ಆಯ್ಕೆ, ಯಾಕೆಂದರೆ ಬಹುಪಾಲು ತೂಕ ಮೊದಲ ಮೂರು ತಿಂಗಳಲ್ಲೇ ಇಳಿಯುತ್ತದೆ. ಆದರೆ ಬಲೂನ್ ಒಳಗಿರುವಾಗ ಗರ್ಭ ಧರಿಸುವ ಹಾಗಿಲ್ಲ, ಅದು ಹೊರಬಂದ ಮೇಲೇ ಆ ಮಾತು.

ನಾಲ್ಕನೆಯದು ನೀವು ತಿನ್ನುವ ರೀತಿ. ಇದನ್ನು ಯಾವ ಕೊಟೇಷನ್ನೂ ಕೇಳುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ತಟ್ಟೆ ತುಂಬ ಅನ್ನ ಸಾರು ಉಣ್ಣುವವರು, ಎರಡು ಮುದ್ದೆಗೆ ಕಮ್ಮಿ ಏಳದವರು, ಇವರಿಗೆ ಬಲೂನ್ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅದು ತಡೆಯುವುದು ಊಟದ ಗಾತ್ರವನ್ನು. ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಾಫಿ, ಮಧ್ಯೆ ಮಧ್ಯೆ ಚಕ್ಕುಲಿ, ರಾತ್ರಿ ಐಸ್‌ಕ್ರೀಂ ಅನ್ನುವವರಿಗೆ ಹಾಗಲ್ಲ. ಸಿಹಿ ಪಾನೀಯ, ಜ್ಯೂಸ್, ಪಾಯಸ, ಕರಗಿದ ಐಸ್‌ಕ್ರೀಂ ಎಲ್ಲ ಬಲೂನಿನ ಪಕ್ಕದಲ್ಲೇ ಜಾರಿ ಹೋಗುತ್ತದೆ. ಬೇಜಾರಾದಾಗ ತಿನ್ನುವವರ ಕಥೆಯೂ ಅದೇ. ಬಲೂನ್ ಹೊಟ್ಟೆಯಲ್ಲಿರುತ್ತದೆ, ಬೇಜಾರು ಅಲ್ಲಿರುವುದಿಲ್ಲ.

ಐದನೆಯದು ದೇಹದ ಬೇರೆ ತೊಂದರೆಗಳು. ಹಿಂದೆ ಹೊಟ್ಟೆಗೆ ಆಪರೇಷನ್ ಆಗಿದ್ದರೆ, ಹುಣ್ಣು ಇದ್ದರೆ, ದೊಡ್ಡ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಯ ಕಡೆಗೆ ಸರಿದಿರುವುದು) ಇದ್ದರೆ, ಲಿವರ್ ಹಾಳಾಗಿ ಅನ್ನನಾಳದ ರಕ್ತನಾಳ ಊದಿದ್ದರೆ, ರಕ್ತ ತೆಳುವಾಗುವ ಮಾತ್ರೆ ಅಥವಾ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರೆ, ಕುಡಿತದ ಚಟ ಇದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ಬಲೂನ್ ಬೇಡ ಅನ್ನುತ್ತಾರೆ. ಸಣ್ಣಪುಟ್ಟ ಎದೆಯುರಿ ಇದ್ದರೆ ಹಾಕುತ್ತಾರೆ, ಆದರೆ ಉರಿ ಜಾಸ್ತಿಯಾಗಬಹುದು.

ಕೊನೆಯದು ದುಡ್ಡು ಮತ್ತು ರಜೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಬಲೂನ್ ಅಂದರೆ ಸುಮಾರು ಒಂದೂವರೆಯಿಂದ ಮೂರೂವರೆ ಲಕ್ಷದ ಮಾತು. ಬಗೆಯ ಮೇಲೆ, ಆಸ್ಪತ್ರೆಯ ಮೇಲೆ, ಪ್ಯಾಕೇಜಿನಲ್ಲಿ ಏನೇನು ಸೇರಿದೆ ಅನ್ನೋದರ ಮೇಲೆ ಇದು ಏರಿಳಿಯುತ್ತದೆ. ಇನ್ಶೂರೆನ್ಸ್ ನಂಬಿಕೊಂಡು ಕೂರಬೇಡಿ. ನಮ್ಮಲ್ಲಿ ಪಾಲಿಸಿಗಳು ತೂಕ ಇಳಿಸುವ ಚಿಕಿತ್ಸೆಯನ್ನು ಹೊರಗಿಡುತ್ತವೆ. ಇರುವ ವಿನಾಯಿತಿ ಆಪರೇಷನ್‌ಗೆ, ಅದೂ ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲಾ 35 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಥರದ್ದು ಜೊತೆಗಿದ್ದರೆ. ಬಲೂನಿಗೆ ಕೈಯಿಂದಲೇ ಕೊಡಬೇಕು ಅಂತ ಇಟ್ಟುಕೊಳ್ಳಿ.

ಆರು ತಿಂಗಳ ಮಾಮೂಲಿ ಬಲೂನ್

ಹಳೆಯದು, ತುಂಬ ಜನಕ್ಕೆ ಹಾಕಿದ್ದು. ಆರ್ಬೆರಾ ಅನ್ನೋದು ಇದರಲ್ಲಿ ಹೆಸರುವಾಸಿ. 1990ರ ದಶಕದಿಂದಲೇ ಬೇರೆ ಹೆಸರಿನಲ್ಲಿ ಬಳಕೆಯಲ್ಲಿತ್ತು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿತು. ಒಂದು ವರ್ಷ ಇಡಬಹುದಾದ ಆರ್ಬೆರಾ 365 ಕೂಡ ಇದೆ. ಸ್ವಲ್ಪ ಮತ್ತು ಬರಿಸಿ, ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆ ನೋಡಿ, ಬಾಯಿಂದಲೇ ಖಾಲಿ ಬಲೂನ್ ಇಳಿಸಿ 400ರಿಂದ 700 ಮಿಲಿ ಸಲೈನ್ ತುಂಬುತ್ತಾರೆ. ಅರ್ಧ ಗಂಟೆಯ ಕೆಲಸ. ತೆಗೆಯಲೂ ಎಂಡೋಸ್ಕೋಪಿ ಬೇಕು.

ಆ ಸಲೈನಿಗೆ ನೀಲಿ ಬಣ್ಣ ಬೆರೆಸುತ್ತಾರೆ. ಇದು ಸುಮ್ನೆ ಅಲ್ಲ. ಬಲೂನ್ ಸೋರಿದರೆ ಮೂತ್ರ ನೀಲಿ ಅಥವಾ ಹಸಿರು ಬಣ್ಣಕ್ಕೆ ತಿರುಗುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು, ಸುಕ್ಕಿದ ಬಲೂನ್ ಕರುಳಿಗಿಳಿಯುವ ಮುಂಚೆ ತೆಗೆಸಬೇಕು. ನಮ್ಮ ಅತ್ತಿಗೆ ಮೊದಲ ತಿಂಗಳೆಲ್ಲ ಬಾತ್‌ರೂಮಿನ ಲೈಟ್ ಹಾಕಿಕೊಂಡೇ ಹೋಗುತ್ತಿದ್ದರು, ಹಗಲಲ್ಲೂ. ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುವವರು ಈ ಬಣ್ಣದ ವಿಷಯವನ್ನು ಡಾಕ್ಟರ ಹತ್ತಿರ ಮೊದಲೇ ಎತ್ತಬೇಕು, ಕೆಲವು ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲ.

ಫಲಿತಾಂಶ? ಅಮೆರಿಕದ ಪರೀಕ್ಷೆಯಲ್ಲಿ ಆರು ತಿಂಗಳಿಗೆ ಸರಾಸರಿ ಶೇಕಡಾ 10ರಷ್ಟು ತೂಕ ಇಳಿದಿತ್ತು, ಬಲೂನ್ ಇಲ್ಲದೆ ಬರೀ ಸಲಹೆ ಪಡೆದವರಿಗೆ ಸುಮಾರು 3. ಬೇರೆ ಬೇರೆ ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಮೂರು ತಿಂಗಳಿಗೆ 12ರ ಸುಮಾರು, ಆರು ತಿಂಗಳಿಗೆ 13, ಒಂದು ವರ್ಷಕ್ಕೆ, ಅಂದರೆ ತೆಗೆದು ಆರು ತಿಂಗಳಾದ ಮೇಲೆ, 11. ಈ ಮೂರು ಅಂಕಿಯನ್ನು ಇನ್ನೊಂದು ಸಲ ನೋಡಿ. ಮೂರರಿಂದ ಆರನೇ ತಿಂಗಳ ನಡುವೆ ಇಳಿದದ್ದು ಬರೀ ಒಂದು ಶೇಕಡಾ. ಹಾಗಾದರೆ ಆ ಮೂರು ತಿಂಗಳು ದಂಡವಾ? ಅಲ್ಲ. ಹೊಸ ಊಟ ರೂಢಿಯಾಗುವ ಕಾಲ ಅದು. ಅದನ್ನು ಹಾಗೆ ಬಳಸಿಕೊಂಡವರಿಗೆ ಮಾತ್ರ.

ಇದರ ದೊಡ್ಡ ಅನುಕೂಲ ಒಂದೇ: ಹಾಕುವ ಮುಂಚೆ ಕಣ್ಣಾರೆ ಹೊಟ್ಟೆ ನೋಡುತ್ತಾರೆ, ಹುಣ್ಣೋ ಹರ್ನಿಯಾವೋ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಸಹಿಸಲಾಗದಿದ್ದರೆ ಬೇಗ ತೆಗೆಸಲೂಬಹುದು. ನೂರರಲ್ಲಿ ಏಳೆಂಟು ಜನ ಹಾಗೆ ಮೊದಲೇ ತೆಗೆಸುತ್ತಾರೆ. ಅನಾನುಕೂಲ ಅಂದರೆ ಎರಡು ಎಂಡೋಸ್ಕೋಪಿ, ಎರಡು ಸಲ ಮತ್ತಿನ ಔಷಧ.

ಹೆಚ್ಚು ಕಮ್ಮಿ ಮಾಡಬಹುದಾದ ಬಲೂನ್

ಸ್ಪ್ಯಾಟ್ಜ್ 3 ಅಂತ. ಎಫ್‌ಡಿಎ 2021ರಲ್ಲಿ ಒಪ್ಪಿತು, ಅಮೆರಿಕದಲ್ಲಿ ಎಂಟು ತಿಂಗಳಿಗೆ. ಹಲವು ದೇಶಗಳಲ್ಲಿ ಒಂದು ವರ್ಷ ಇಡುತ್ತಾರೆ. ಇದರ ವಿಶೇಷ ಏನೆಂದರೆ, ವಾಂತಿ ತಡೆಯಲಾಗದಿದ್ದರೆ ಎಂಡೋಸ್ಕೋಪಿಯಲ್ಲಿ ಒಳಗೆ ಹೋಗಿ ಸ್ವಲ್ಪ ನೀರು ತೆಗೆಯುತ್ತಾರೆ. ತೂಕ ಇಳಿಯುವುದು ನಿಂತರೆ ಇನ್ನಷ್ಟು ತುಂಬುತ್ತಾರೆ. ಪರೀಕ್ಷೆಯಲ್ಲಿ 32 ವಾರಕ್ಕೆ ಸರಾಸರಿ ಶೇಕಡಾ 15 ಇಳಿದಿತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅದೇ ಪರೀಕ್ಷೆಯಲ್ಲಿ ಶೇಕಡಾ 17 ಜನ ಸಹಿಸಲಾಗದೆ ಬೇಗ ತೆಗೆಸಿದ್ದರು. ಪ್ರತಿ ಸಲ ಹೊಂದಿಸಬೇಕು ಅಂದಾಗಲೂ ಇನ್ನೊಂದು ಎಂಡೋಸ್ಕೋಪಿ, ಅದರ ಖರ್ಚು ಪ್ಯಾಕೇಜಿನಲ್ಲಿದೆಯೋ ಬೇರೆಯೋ ಅಂತ ಬರಹದಲ್ಲಿ ಕೇಳಿ.

ಯಾರಿಗೆ ಒಳ್ಳೆಯದು? ಬಿಎಂಐ ಸ್ವಲ್ಪ ಮೇಲಿದ್ದು, ಅಂದರೆ 35ರ ಆಚೀಚೆ, ಆಪರೇಷನ್ ಬೇಡ ಅನ್ನುವವರಿಗೆ, ಆಸ್ಪತ್ರೆ ಹತ್ತಿರ ಇರುವವರಿಗೆ. ಬೀದರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಓಡಾಡುವವರಿಗೆ ಹೊಂದಿಸುವ ಅನುಕೂಲ ಕಾಗದದ ಮೇಲಷ್ಟೇ ಉಳಿಯುತ್ತದೆ.

ನುಂಗುವ ಬಲೂನ್

ಈಗ ಜಾಸ್ತಿ ಜಾಹೀರಾತು ಕಾಣುವುದು ಇದರದ್ದೇ. ಅಲ್ಯೂರಿಯನ್ ಅಂತ ಹೆಸರು, ಮೊದಲು ಎಲಿಪ್ಸ್ ಅಂತಿದ್ದರು. ದೊಡ್ಡ ಮಾತ್ರೆ ಥರದ್ದನ್ನು ನೀರಿನ ಜೊತೆ ನುಂಗಬೇಕು. ಮಾತ್ರೆಗೆ ಉದ್ದನೆಯ ಸಣ್ಣ ಕೊಳವೆ ಅಂಟಿಕೊಂಡಿರುತ್ತದೆ, ಅದರ ಇನ್ನೊಂದು ತುದಿ ಬಾಯಿಂದ ಹೊರಗೆ ನೇತಾಡುತ್ತಿರುತ್ತದೆ. ಎಕ್ಸ್‌ರೇ ತೆಗೆದು ಬಲೂನ್ ಹೊಟ್ಟೆಯಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು, ಕೊಳವೆಯಿಂದ 550 ಮಿಲಿ ತುಂಬಿ, ಮತ್ತೊಂದು ಎಕ್ಸ್‌ರೇ ನೋಡಿ, ಕೊಳವೆಯನ್ನು ಎಳೆದುಬಿಡುತ್ತಾರೆ. ಮತ್ತಿನ ಔಷಧ ಇಲ್ಲ, ಎಂಡೋಸ್ಕೋಪಿ ಇಲ್ಲ. ಸುಮಾರು 16 ವಾರಕ್ಕೆ ಒಳಗಿನ ಮುಚ್ಚಳ ತಾನೇ ಬಿಚ್ಚಿಕೊಂಡು ನೀರು ಖಾಲಿಯಾಗಿ, ತೆಳ್ಳಗಾದ ಬಲೂನ್ ಮಲದಲ್ಲಿ ಹೊರಗೆ ಹೋಗುತ್ತದೆ. 1,770 ಜನರ ಒಂದು ದೊಡ್ಡ ಅಧ್ಯಯನದಲ್ಲಿ ನಾಲ್ಕು ತಿಂಗಳಿಗೆ ಸರಾಸರಿ ಶೇಕಡಾ 14ರಷ್ಟು ಇಳಿದಿತ್ತು. ಆದರೆ ಅದರಲ್ಲಿ ಹೋಲಿಸಲು ಬಲೂನ್ ಇಲ್ಲದ ಗುಂಪು ಇರಲಿಲ್ಲ ಅನ್ನೋದು ನೆನಪಿರಲಿ.

ಎಂಡೋಸ್ಕೋಪಿ ಅಂದರೆ ಹೆದರುವವರಿಗೆ, ಒಂದು ದಿನವೂ ರಜೆ ಸಿಗದವರಿಗೆ ಇದು ವರದಾನದ ಹಾಗೆ ಕಾಣುತ್ತದೆ. ನನಗೂ ಇದರ ಸರಳತೆ ಇಷ್ಟ. ಆದರೆ ಮೂರು ವಿಷಯ ಗೊತ್ತಿರಲಿ. ಹೊಟ್ಟೆಯೊಳಗೆ ಯಾರೂ ನೋಡಿರುವುದಿಲ್ಲ, ಹಾಗಾಗಿ ಹಳೆಯ ಗ್ಯಾಸ್ಟ್ರಿಕ್ ತೊಂದರೆ ಇದ್ದವರು ಮೊದಲೇ ಒಂದು ಎಂಡೋಸ್ಕೋಪಿ ಮಾಡಿಸುವುದೇ ಒಳ್ಳೆಯದು. ಸಹಿಸಲಾಗದೆ ಬೇಗ ತೆಗೆಸಬೇಕಾದರೆ ಎಂಡೋಸ್ಕೋಪಿ ತಪ್ಪುವುದಿಲ್ಲ. ಮೂರನೆಯದು ಕರುಳಿನ ವಿಷಯ: ಬಲೂನ್ ಕೆಳಗಿಳಿಯಲೇಬೇಕಾದ್ದರಿಂದ, ಹಿಂದೆ ಹೊಟ್ಟೆ ಅಥವಾ ಕರುಳಿಗೆ ಆಪರೇಷನ್ ಆಗಿ ಒಳಗೆ ಅಂಟಿಕೊಂಡಿರುವವರಿಗೆ ಅದು ಸಿಕ್ಕಿಹಾಕಿಕೊಳ್ಳುವ ಭಯ ಇದೆ. ಅಪರೂಪ, ಆದರೆ ಹಾಗೇನಾದರೂ ಆದರೆ ಆಪರೇಷನ್ನೇ ಗತಿ. ಹೆರಿಗೆಯ ಸಿಸೇರಿಯನ್ ಆಗಿದ್ದರೂ ಡಾಕ್ಟರಿಗೆ ಹೇಳಿ, ಅದನ್ನೇನು ಹೇಳೋದು ಅಂತ ಬಿಡಬೇಡಿ. ಫ್ರಾನ್ಸ್ 2024ರ ಆಗಸ್ಟ್‌ನಲ್ಲಿ ಈ ಬಲೂನಿನ ಮಾರಾಟ ನಿಲ್ಲಿಸಿತ್ತು, ಮರುವರ್ಷ ಮತ್ತೆ ಬಿಟ್ಟಿತು. ಹೆದರಿಸಲು ಹೇಳುತ್ತಿಲ್ಲ. "ಮಾತ್ರೆ ನುಂಗಿದ ಹಾಗೆ ಅಷ್ಟೇ" ಅನ್ನುವ ಮಾತಿನ ಹಿಂದೆ ಒಂದು ಆಸ್ಪತ್ರೆ ತಯಾರಿರಬೇಕು ಅಂತ ಹೇಳುತ್ತಿದ್ದೇನೆ.

ನನ್ನ ತಕರಾರು ಬೇರೆಯೇ. ನಾಲ್ಕು ತಿಂಗಳು ತೂಕ ಇಳಿಯಲು ಸಾಕು, ಅಭ್ಯಾಸ ಬದಲಾಗಲು ಕಮ್ಮಿ. ಅದು ಹೊರಟುಹೋದದ್ದೂ ಕೆಲವರಿಗೆ ಗೊತ್ತಾಗುವುದಿಲ್ಲ, ಹಸಿವು ಹೆಚ್ಚಾದಾಗಲೇ ಗೊತ್ತು. ನುಂಗುವುದನ್ನೇ ಆರಿಸಿದರೆ ಮೂರನೇ ತಿಂಗಳಿನಲ್ಲೇ ಐದನೇ ತಿಂಗಳ ಯೋಜನೆ ಕೈಯಲ್ಲಿರಲಿ.

ಮೊದಲ ವಾರ, ಯಾವುದೇ ಬಲೂನ್ ಇರಲಿ

ಇದನ್ನು ಜಾಹೀರಾತು ಹೇಳುವುದಿಲ್ಲ. ಹೇಳಿದರೂ "ಸ್ವಲ್ಪ ಅಸ್ವಸ್ಥತೆ" ಅಂತ ಮುಗಿಸುತ್ತದೆ. ಮೊದಲ ಮೂರರಿಂದ ಐದು ದಿನ ವಾಕರಿಕೆ, ವಾಂತಿ, ಹೊಟ್ಟೆ ಹಿಂಡಿದ ಹಾಗೆ ನೋವು. ಹೊಟ್ಟೆ ಅದನ್ನು ಹೊರಗೆ ಹಾಕಲು ನೋಡುತ್ತದೆ. ಅತ್ತಿಗೆ ಮೊದಲ ರಾತ್ರಿ ಮಲಗಲೇ ಇಲ್ಲ. ದಿಂಬುಗಳನ್ನು ಒಟ್ಟಿ ಒರಗಿ ಕೂತು, ಒಂದು ಚಮಚ ನೀರು, ಹತ್ತು ನಿಮಿಷ ಬಿಟ್ಟು ಇನ್ನೊಂದು ಚಮಚ. ನೀರನ್ನೇ ವಾಂತಿ ಮಾಡಿದಾಗ ಅಣ್ಣ ಆಸ್ಪತ್ರೆಗೆ ಫೋನ್ ಹಚ್ಚಿದ, ಆ ಕಡೆಯವರು ಬೆಳಿಗ್ಗೆ ಬನ್ನಿ ಅಂದರು. ಅಂಥ ಉತ್ತರ ಕೊಡುವ ಕಡೆ ಹೋಗಬೇಡಿ ಅನ್ನೋದೇ ನನ್ನ ಮಾತು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಡ್ರಿಪ್ ಹಾಕಬೇಕಾದರೆ ಎಲ್ಲಿ, ಇದನ್ನು ದುಡ್ಡು ಕಟ್ಟುವ ಮುಂಚೆ ಕೇಳಿ. ಮೂತ್ರ ಕಮ್ಮಿಯಾದರೆ, ತಲೆ ಸುತ್ತಿದರೆ ಕಾಯಬೇಡಿ.

ಐದನೇ ದಿನ ಆಕೆ ತಿಳಿ ಸಾರು ಕುಡಿದು ಕಿಟಕಿ ಹತ್ತಿರ ಕೂತಿದ್ದರು. ಹತ್ತನೇ ದಿನ ಆಫೀಸಿಗೆ ಹೋದರು. ಬಹುಪಾಲು ಜನಕ್ಕೆ ಹೀಗೇ ಸರಿಹೋಗುತ್ತದೆ. ಹಾಗಾಗಿ ಗುರುವಾರವೋ ಶುಕ್ರವಾರವೋ ಹಾಕಿಸಿಕೊಂಡು ಒಂದು ವಾರ ರಜೆ ಇಟ್ಟುಕೊಳ್ಳಿ. ಮನೆಯಲ್ಲಿ ಹಬ್ಬ, ಮದುವೆ ಇರುವ ವಾರ ಬೇಡ.

ಊಟ ಮೊದಲ ವಾರ ಪೂರ್ತಿ ತೆಳ್ಳಗಿನದು: ಎಳನೀರು, ಸೋಸಿದ ಸಾರು, ನೀರು ಮಜ್ಜಿಗೆ. ಆಮೇಲೆ ತೆಳು ರಾಗಿ ಅಂಬಲಿ, ಬೇಳೆಕಟ್ಟು, ಮೆತ್ತಗೆ ಬೆಂದ ತರಕಾರಿ. ಎರಡು ಮೂರು ವಾರದ ಮೇಲೆ ಗಟ್ಟಿ ಊಟ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಪೇಚು ಇದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಬಲೂನ್ ಇರುವಾಗ ಅದು ನಡೆಯುವುದಿಲ್ಲ, ಅಂಟು ಊಟ ಬಲೂನಿಗೆ ಮೆತ್ತಿಕೊಂಡು ಕೂರುತ್ತದೆ, ಆಮೇಲೆ ಕೊಳೆತ ಮೊಟ್ಟೆಯ ವಾಸನೆಯ ತೇಗು. ಮೃದುವಾದ ಚಪಾತಿ, ಅಂಟಂಟು ಅನ್ನ ಕೂಡ ಹಾಗೇ. ಚಿಕ್ಕ ತುತ್ತು, ಚೆನ್ನಾಗಿ ಅಗಿಯುವುದು, ಊಟ ಆದ ಮೇಲೆ ಸ್ವಲ್ಪ ನೀರು. ಸೋಡಾ, ಬಿಯರ್ ಬೇಡ. ಮೊದಲು ಬೇಳೆ, ಮೊಟ್ಟೆ, ಪನ್ನೀರು, ಮೀನು, ಆಮೇಲೆ ಜಾಗ ಇದ್ದರೆ ಅನ್ನ, ಯಾಕೆಂದರೆ ಪ್ರೊಟೀನ್ ಸಾಲದೆ ಹೋದರೆ ಇಳಿಯುವುದು ಕೊಬ್ಬಿನ ಜೊತೆ ಮಾಂಸಖಂಡವೂ. ಅಸಿಡಿಟಿ ಮಾತ್ರೆಯನ್ನು ಬಲೂನ್ ಇರುವ ಅಷ್ಟೂ ದಿನ ತಪ್ಪಿಸಬಾರದು. ಹುಣ್ಣು ತಡೆಯುವುದು ಅದೇ.

ದೊಡ್ಡ ಅಪಾಯದ ಮಾತು ಮುಚ್ಚಿಡುವುದು ಬೇಡ. 2017 ಮತ್ತು 2018ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. 2016ರಿಂದ ಆಗಿನವರೆಗೆ ನೀರು ತುಂಬುವ ಬಲೂನ್ ಹಾಕಿಸಿಕೊಂಡವರಲ್ಲಿ ಜಗತ್ತಿನಾದ್ಯಂತ 12 ಸಾವು ವರದಿಯಾಗಿತ್ತು. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದುವುದು, ಬಲೂನ್ ತಾನೇ ಗಾಳಿ ತುಂಬಿ ಹಿಗ್ಗುವುದು ಕೂಡ ಪಟ್ಟಿಯಲ್ಲಿತ್ತು. ಹಾಕಿಸಿಕೊಂಡವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಇದು ತೀರಾ ಅಪರೂಪ. ಆದರೂ ವಾರಗಳ ನಂತರ ಹೊಟ್ಟೆ ಉಬ್ಬಿ ತಡೆಯಲಾಗದ ನೋವು ಬಂದರೆ "ಬಲೂನ್ ಅಲ್ವಾ, ಇರುತ್ತೆ" ಅಂತ ಸುಮ್ಮನಿರಬೇಡಿ.

ಬಲೂನ್ ಬಿಟ್ಟು ಬೇರೆ ದಾರಿ

ಇಂಜೆಕ್ಷನ್. ಬಲೂನಿನ ನಿಜವಾದ ಪೈಪೋಟಿ ಇದರ ಜೊತೆಗೇ. ಹಸಿವು ತಗ್ಗಿಸುವ ಈ ಔಷಧಗಳಲ್ಲಿ ಸೆಮಾಗ್ಲುಟೈಡ್ 2021ರ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 15ರಷ್ಟು ಇಳಿಸಿತ್ತು, ಟಿರ್ಜೆಪಟೈಡ್ ಅತಿ ಹೆಚ್ಚಿನ ಡೋಸ್‌ನಲ್ಲಿ 72 ವಾರಕ್ಕೆ 21ರ ಸುಮಾರು. ಟಿರ್ಜೆಪಟೈಡ್ ಮಾರಾಟವಾಗುವ ಹೆಸರು ಮೌಂಜಾರೋ, ಅದು 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 5 ಮಿಲಿಗ್ರಾಂ ವಯಲ್‌ಗೆ 4,375 ರೂಪಾಯಿ ಇತ್ತು, ತಿಂಗಳಿಗೆ ನಾಲ್ಕು ಅಂದರೆ 17,500, ವರ್ಷಕ್ಕೆ ಎರಡು ಲಕ್ಷ ದಾಟುತ್ತಿತ್ತು. ಅಂದರೆ ಹೆಚ್ಚು ಕಮ್ಮಿ ಒಂದು ಬಲೂನಿನ ದುಡ್ಡು. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ವರೆಗಿನದು, ಅದರಾಚೆಗೆ ಜೆನೆರಿಕ್ ಬಂದಂತೆ ದರದ ಲೆಕ್ಕವೇ ಬೇರೆ. ಹಾಗಾಗಿ ಇವತ್ತಿನ ಬೆಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಲೆಕ್ಕ ಹಾಕಿ.

ಇಂಜೆಕ್ಷನ್‌ನ ಒಳ್ಳೆಯ ಗುಣ: ಬೇಡ ಅನಿಸಿದರೆ ಮುಂದಿನ ವಾರ ಚುಚ್ಚಿಸಿಕೊಳ್ಳದಿದ್ದರಾಯಿತು. ಶುಗರ್ ಇದ್ದವರಿಗಂತೂ ಎರಡು ಲಾಭ. ಬಾಯಿಚಪಲಕ್ಕೆ ತಿನ್ನುವವರಿಗೂ ಬಲೂನಿಗಿಂತ ಇದೇ ಮೇಲು, ಯಾಕೆಂದರೆ ತಿನ್ನಬೇಕು ಅನ್ನುವ ಸೆಳೆತವೇ ತಗ್ಗುತ್ತದೆ. ಕೆಟ್ಟದ್ದು: ನಿಲ್ಲಿಸಿದರೆ ತೂಕ ವಾಪಸ್. ಸೆಮಾಗ್ಲುಟೈಡ್ ನಿಲ್ಲಿಸಿ ಒಂದು ವರ್ಷವಾದಾಗ ಇಳಿದದ್ದರಲ್ಲಿ ಮೂರನೇ ಎರಡರಷ್ಟು ಮರಳಿ ಬಂದಿತ್ತು. ಪ್ಯಾಂಕ್ರಿಯಾಸ್ ತೊಂದರೆ ಆಗಿದ್ದವರು, ಮನೆಯಲ್ಲಿ ಯಾರಿಗಾದರೂ ಮೆಡುಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು. ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಎಂಡೋಸ್ಕೋಪಿಗೆ ಹೋಗುವಾಗ ಅರಿವಳಿಕೆ ಡಾಕ್ಟರಿಗೆ ಅದನ್ನು ಹೇಳಲೇಬೇಕು, ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತಿರುತ್ತದೆ.

ಹೊಟ್ಟೆಯನ್ನು ಒಳಗಿನಿಂದಲೇ ಎಂಡೋಸ್ಕೋಪಿಯಲ್ಲಿ ಹೊಲಿದು ಚಿಕ್ಕದು ಮಾಡುವ ವಿಧಾನವೂ ಇದೆ, ಇಎಸ್‌ಜಿ ಅನ್ನುತ್ತಾರೆ. ಒಂದು ವರ್ಷಕ್ಕೆ ಶೇಕಡಾ 13.6 ಇಳಿದದ್ದು 2022ರ ಅಧ್ಯಯನದಲ್ಲಿದೆ. ತೆಗೆಯುವ ತಾಪತ್ರಯ ಇಲ್ಲ. ಆದರೆ ಪೂರ್ತಿ ಅರಿವಳಿಕೆ ಬೇಕು, ಬಲೂನಿಗಿಂತ ದುಬಾರಿ, ಕೈ ಪಳಗಿದವರು ಕಡಿಮೆ. ಒಳ್ಳೆಯ ಡಾಕ್ಟರ್ ಸಿಕ್ಕು ದುಡ್ಡೂ ಇದ್ದರೆ ಎರಡನೇ ಬಲೂನ್ ಹಾಕಿಸುವ ಬದಲು ಇದನ್ನು ವಿಚಾರಿಸಿ.

ಇನ್ನು ಸ್ಲೀವ್ ಆಪರೇಷನ್. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಮರಳಿ ಜೋಡಿಸುವ ಮಾತಿಲ್ಲ. ತೂಕ ಶೇಕಡಾ 25ರ ಸುಮಾರು ಇಳಿಯುತ್ತದೆ, ಬಹುಕಾಲ ನಿಲ್ಲುತ್ತದೆ. ಜೀವನಪೂರ್ತಿ ವಿಟಮಿನ್ ಬೇಕು, ಎದೆಯುರಿ ಇದ್ದವರಿಗೆ ಅದು ಜಾಸ್ತಿಯಾಗಬಹುದು, ಅಂಥವರಿಗೆ ಬೈಪಾಸ್ ಹೇಳುತ್ತಾರೆ (ಹೃದಯದ್ದಲ್ಲ, ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್). ಬಿಎಂಐ 40 ದಾಟಿ ಶುಗರ್ ಹತೋಟಿಗೆ ಬಾರದವರು "ಮೊದಲು ಬಲೂನ್ ನೋಡೋಣ" ಅಂತ ಎರಡು ಲಕ್ಷ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಇನ್ಶೂರೆನ್ಸ್ ಸಿಗುವ ಸಾಧ್ಯತೆ ಇರುವುದೂ ಇವರಿಗೇ. ಒಂದೇ ಅಪವಾದ: ತೂಕ ವಿಪರೀತ ಇದ್ದು ಅರಿವಳಿಕೆ ಕೊಡುವುದೇ ಅಪಾಯ ಅನ್ನುವಾಗ, ಆಪರೇಷನ್‌ಗೆ ಮುಂಚೆ ಸ್ವಲ್ಪ ಇಳಿಸಲು ಡಾಕ್ಟರೇ ಬಲೂನ್ ಹಾಕುತ್ತಾರೆ.

ಹಾಗಾದರೆ ಯಾರು ಯಾವುದು

ಬಿಎಂಐ 30ರಿಂದ 35, ಹತ್ತು ಹನ್ನೆರಡು ಕೆಜಿ ಇಳಿಸಲು ಒಂದು ಗಟ್ಟಿ ಕಾರಣ ಮತ್ತು ಗಡುವು, ತಟ್ಟೆ ತುಂಬ ಉಣ್ಣುವ ಅಭ್ಯಾಸ, ಹೊಟ್ಟೆಯಲ್ಲಿ ಹಳೆಯ ತೊಂದರೆ ಇಲ್ಲ: ಬಲೂನ್ ನಿಮಗೆ ಸರಿ. ಇವರಲ್ಲಿ ಆಸ್ಪತ್ರೆಗೆ ಓಡಾಡಬಲ್ಲವರು ಆರು ಅಥವಾ ಹನ್ನೆರಡು ತಿಂಗಳದ್ದು ನೋಡಿ. ಎಂಡೋಸ್ಕೋಪಿಯೇ ಬೇಡ ಅನ್ನುವವರು, ಹೊಟ್ಟೆಗೆ ಆಪರೇಷನ್ ಆಗಿಲ್ಲದವರು ನುಂಗುವುದನ್ನು ನೋಡಬಹುದು.

ಶುಗರ್ ಇದ್ದು ತಿಂಗಳು ತಿಂಗಳು ಖರ್ಚು ತಡೆದುಕೊಳ್ಳಬಲ್ಲವರು ಮೊದಲು ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಒಂದೇ ಸಲ ದುಡ್ಡು ಹೊಂದಿಸಬಲ್ಲೆ, ತಿಂಗಳು ತಿಂಗಳು ಆಗಲ್ಲ ಅನ್ನುವವರಿಗೆ ಬಲೂನ್ ವಾಸಿ. ಸಾಲ ಮಾಡಿ, ಇಎಂಐ ಹಾಕಿಸಿ ಬಲೂನ್ ಬೇಡವೇ ಬೇಡ. ಬಲೂನ್ ಹೊರಬಂದ ಮೇಲೂ ಕಂತು ಕಟ್ಟುತ್ತಾ ಇರಬೇಕಾಗುತ್ತದೆ, ಅಷ್ಟರಲ್ಲಿ ತೂಕವೂ ವಾಪಸ್ ಬಂದಿದ್ದರೆ ಸಿಟ್ಟು ಯಾರ ಮೇಲೆ? ಆ ದುಡ್ಡಿನ ಒಂದು ಪಾಲಿನಲ್ಲಿ ಒಬ್ಬ ಒಳ್ಳೆಯ ಡಯಟಿಷಿಯನ್ ಹತ್ತಿರ ಆರು ತಿಂಗಳು ಹೋಗಿ ನೋಡಿ. ಐದಾರು ಕೆಜಿ ಇಳಿಸಲು ಅಷ್ಟು ಸಾಕಾಗಬಹುದು, ಸಾಕಾಗದಿದ್ದರೂ ಬಲೂನಿಗೆ ಬೇಕಾದ ತಯಾರಿ ಆಗಿರುತ್ತದೆ.

ಬಲೂನ್ ಅಂತ ತೀರ್ಮಾನ ಮಾಡಿದರೆ ಕೊಟೇಷನ್ ಹಿಡಿದು ಕೂತು ಇಷ್ಟು ಕೇಳಿ. ತೆಗೆಯುವ ಖರ್ಚು, ಅದರ ಅರಿವಳಿಕೆ ಸೇರಿದೆಯಾ? ಬೇಗ ತೆಗೆಸಿದರೆ ದುಡ್ಡೇನಾದರೂ ವಾಪಸ್ ಇದೆಯಾ? ಹಾಕುವ ಡಾಕ್ಟರ್ ಇದುವರೆಗೆ ಎಷ್ಟು ಹಾಕಿದ್ದಾರೆ, ಎಷ್ಟು ಬೇಗ ತೆಗೆದಿದ್ದಾರೆ? ತೊಂದರೆಯಾದರೆ ಆಪರೇಷನ್ ಮಾಡುವ ಸರ್ಜನ್ ಅದೇ ಕಟ್ಟಡದಲ್ಲಿ ಇದ್ದಾರಾ? ಬಲೂನ್ ಹೊರಬಂದ ಮೇಲೆ ಎಷ್ಟು ತಿಂಗಳು ಡಯಟಿಷಿಯನ್ ನೋಡುತ್ತಾರೆ? ಕೊನೆಯ ಪ್ರಶ್ನೆಗೆ "ಆ್ಯಪ್ ಕೊಡ್ತೀವಿ" ಅನ್ನುವ ಉತ್ತರ ಬಂದರೆ ಇನ್ನೊಂದು ಕಡೆ ವಿಚಾರಿಸಿ. ನಿಮಗೆ ಬೇಕಾಗಿರುವುದು ನಿಮ್ಮ ಮನೆಯ ಅಡುಗೆ ಗೊತ್ತಿರುವ, ಉಪ್ಪಿಟ್ಟು ಬೇಡ ಅನ್ನುವ ಬದಲು ಎಷ್ಟು ಉಪ್ಪಿಟ್ಟು ಅಂತ ಹೇಳುವ ಒಬ್ಬರು.

ಹಾಕಿದ ದಿನವೇ ತೆಗೆಯುವ ತಾರೀಖು ಬರೆಸಿಕೊಳ್ಳಿ. ಚೆನ್ನಾಗಿದೆಯಲ್ಲ, ಇನ್ನೊಂದು ತಿಂಗಳು ಇರಲಿ ಅಂತ ಮುಂದೂಡುವವರಿದ್ದಾರೆ, ಗಡುವು ದಾಟಿದ ಬಲೂನ್ ಸೋರುವ ಸಾಧ್ಯತೆ ಜಾಸ್ತಿ. ತೆಗೆಯುವ ಮುಂಚೆ ಒಂದೆರಡು ದಿನ ಬರೀ ದ್ರವಾಹಾರದಲ್ಲಿರಿ, ಡಾಕ್ಟರ್ ಎಷ್ಟು ಹೇಳುತ್ತಾರೋ ಅಷ್ಟು. ಹಿಂದಿನ ರಾತ್ರಿಯ ಅನ್ನ ಬೆಳಿಗ್ಗೆಯೂ ಹೊಟ್ಟೆಯಲ್ಲೇ ಇರಬಹುದು, ಮತ್ತಿನಲ್ಲಿರುವಾಗ ಅದು ಶ್ವಾಸಕೋಶಕ್ಕೆ ಹೋದರೆ ಕಷ್ಟ.